ಪ್ಲಗ್ಗನ್ನು ಬಿಡದ ಸಾಕೆಟ್ಟಮ್ಮ

“ಮತ್ತೆ ಬಂದೆಯಾ ಅಡ್ಡಿ ಮಾಡಲು? ಒಂದು ಕೆಲಸವನ್ನೂ ನೆಟ್ಟಗೆ ಮಾಡಲು ಬಿಡುವುದಿಲ್ಲವಲ್ಲ!” ಎಂದು ಕಾರಿನ ಎಂಜಿನ್ನಿನ ಆಳದ ಕುಳಿಯಿಂದ, ಸ್ಪಾರ್ಕ್ ಪ್ಲಗ್ಗು ಬಿಗಿಯುವ ಸಲಕರಣೆಯಾದ ಸಾಕೆಟ್ಟಮ್ಮ ಕೂಗಿದಳು.

ಹೊಸ ಪ್ಲಗ್ಗನ್ನು ತಿರುಗಿಸಿ ಕೂರಿಸಿದ ಮೇಲೆ ಅವಳನ್ನು ತಿರುಗಿಸುವ ಉದ್ದನೆಯ ಸರಳು, ಅವಳ ಜೊತೆಗಾರ ರಾಡಣ್ಣ ಒಬ್ಬನೇ ಮೇಲೆ ಬಂದಿದ್ದ. ಅವಳು ಬಾಯೊಳಗಿನ ರಬ್ಬರಿನಿಂದ ಪ್ಲಗ್ಗನ್ನು ಕಚ್ಚಿಕೊಂಡು ಕೆಳಗೇ ಉಳಿದಿದ್ದಳು. ಅವಳನ್ನು ಕರೆದೊಯ್ಯಲು ರಾಡಣ್ಣ ಈಗ ಮತ್ತೆ ಇಳಿದಿದ್ದ.

“ಕೆಲಸ ಮುಗಿಯಿತು ತಾಯಿ, ಬಾ. ನೀನು ಕೂತ ಜಾಗದಲ್ಲಿ ಪ್ಲಗ್ಗಿಗೆ ಕರೆಂಟು ತರುವ ವೈರು ಕೂರಬೇಕು. ಇಲ್ಲವಾದರೆ ಗಾಡಿ ಹೊರಡುವುದಿಲ್ಲ.”

“ಹೇಳಲು ನಿನಗೇನು, ಒಣ ಕಬ್ಬಿಣ! ಈ ಪ್ಲಗ್ಗು ಕೂಸು ಜಾರಿ ಬಿದ್ದರೆ ನೀನು ಹಿಡಿಯುತ್ತೀಯಾ? ಬೀಳದ ಹಾಗೆ ಹಿಡಿಯಲೆಂದೇ ನನಗೆ ಈ ರಬ್ಬರು ಕೊಟ್ಟಿದ್ದಾರೆ.”

ರಾಡಣ್ಣ ಎಳೆದ. ಅವಳು ಹೆದರಿ ಇನ್ನಷ್ಟು ಬಿಗಿಯಾಗಿ ಕಚ್ಚಿದಳು.

ಮೇಲೆ ಮೇಸ್ತ್ರಿ ರುದ್ರಮುನಿಯ ತಾಳ್ಮೆ ಮುಗಿಯಿತು. “ಪ್ಲಗ್ಗು ಒಡೆದರೂ ಸರಿ, ಈ ಸಾಕೆಟ್ಟಿಗೆ ಒಂದೇಟು ಹಾಕಿಯೇ ಬಿಡುತ್ತೇನೆ” ಎಂದು ಸುತ್ತಿಗೆ ಎತ್ತಿಕೊಂಡ.

ಪ್ಲಗ್ಗು ಕೂಗಿಕೊಂಡಿತು. “ಅಮ್ಮಾ, ನನ್ನ ಮೈ ಪಿಂಗಾಣಿ. ಏಟು ಬಿದ್ದರೆ ಸೀಳಿಹೋಗುತ್ತೇನೆ. ಬಿಡಮ್ಮಾ!”

“ಬಿಟ್ಟರೆ ಬಿದ್ದುಹೋಗುತ್ತೀಯಲ್ಲೋ!”

“ನೀನೇ ನನ್ನನ್ನು ತಿರುಪು ಕಚ್ಚುವ ಹಾಗೆ ಭದ್ರವಾಗಿ ಕೂರಿಸಿದ್ದೀಯ. ಇನ್ನು ನಾನು ಬೀಳುವುದಾದರೂ ಎಲ್ಲಿಗಮ್ಮಾ?”

ಉತ್ತರ ಕೊಡಲು ಸಾಕೆಟ್ಟಮ್ಮ ಬಾಯಿ ತೆರೆದಳು. ತೆರೆದ ಬಾಯಿ ಮುಚ್ಚುವುದರೊಳಗೆ ರಾಡಣ್ಣ ಅವಳನ್ನು ಮೇಲಕ್ಕೆಳೆದಿದ್ದ. ಬೆಳಕಿಗೆ ಬಂದ ಮೇಲೂ ಅವಳು ಕುಳಿಯ ಕಡೆಗೇ ನೋಡುತ್ತಾ ಕೇಳಿದಳು: “ಹಾಗಾದರೆ ಇಷ್ಟು ಹೊತ್ತು ಬೀಳುವ ಭಯ ಇದ್ದದ್ದು ಯಾರಿಗೆ?”