ತಾಯಿಯವರು ಕಟ್ಟಿಕೊಂಡ ಹರಕೆಯ ದಾರಗಳು

ಪೂಜ್ಯ ಮುರಿಗೆಮ್ಮ ತಾಯಿಯವರ ಮಠವೆಂದರೆ ಕೆರೆದಂಡೆಯ ಮೇಲೆ ತಗಡು ಹೊದಿಸಿದ ಎರಡು ಕೋಣೆ, ಅಷ್ಟೇ. ಒಂದರಲ್ಲಿ ಗದ್ದುಗೆ, ಇನ್ನೊಂದರಲ್ಲಿ ಒಲೆ. ತಾಯಿಯವರನ್ನು ಕಾಣಬೇಕಾದವರು ಒಲೆಯ ಕೋಣೆಗೇ ಹೋಗಬೇಕಿತ್ತು.

ಒಂದು ಮಧ್ಯಾಹ್ನ ಫಕ್ಕೀರವ್ವನೆಂಬ ಹೆಣ್ಣುಮಗಳು ತಲೆಗೆ ಬಟ್ಟೆ ಬಿಗಿದು, ಬಿಸಿಲಿಗೆ ಕಣ್ಣು ಮುಚ್ಚಿ, ಅತ್ತೆ ದ್ಯಾಮವ್ವನ ಹೆಗಲು ಹಿಡಿದು ಬಂದಳು. ರೊಟ್ಟಿ ಬಡಿದು ಮಾರುವುದು ಅವಳ ಕಸುಬು. ನಾಲ್ಕು ವರ್ಷದಿಂದ ಅರೆತಲೆನೋವು. ಬಂತೆಂದರೆ ವಾಂತಿ, ಬೆಳಕು ಆಗದು, ಸಪ್ಪಳ ಆಗದು. ಮೂರು ವರ್ಷದ ಮಗಳು ಚಿನ್ನವ್ವ ಅಜ್ಜಿಯ ಸೀರೆ ಹಿಡಿದಿದ್ದಳು, ಹೆತ್ತವಳ ಹತ್ತಿರ ಸುಳಿಯಲಿಲ್ಲ.

"ಬರೀ ನೆವಾರೀ ಅವ್ವಾರ," ಎಂದಳು ದ್ಯಾಮವ್ವ. "ನಮ್ಮ ಕಾಲದಾಗ ನಮಗ ತಲೀನ ಇರಲಿಲ್ಲೇನು?"

"ಇತ್ತವ್ವಾ," ತಾಯಿಯವರು ನಕ್ಕರು. "ನೋವಾದ್ರ ಹೇಳಾಕ ಬಾಯಿ ಇರಲಿಲ್ಲ."

ಫಕ್ಕೀರವ್ವನ ಕಣ್ಣಲ್ಲಿ ನೀರು ಬಂತು. "ನೋವು ಹ್ಯಾಂಗರ ತಡಕೋತೀನ್ರಿ. ಮೊನ್ನೆ ಈ ಕೂಸು ತಾಟು ಬಡದು ನಕ್ಕಿತು. ಸಪ್ಪಳ ತಾಳಲಾರದ ಹೊಡದಬಿಟ್ಟೆ. ಅವತ್ತಿಂದ ನನ್ನ ಕಂಡ್ರ ಬಾಗಲ ಹಿಂದ ಅಡಗತೈತಿ. ಒಂದು ತಾಯತ ಕಟ್ರಿ."

ಅವಳು ಚಾಚಿದ ಕೈಯಲ್ಲಿ ತಾಯತಕ್ಕೆ ಜಾಗವೇ ಇರಲಿಲ್ಲ. ಮಣಿಕಟ್ಟಿನ ತುಂಬ ದಾರಗಳು.

ತಾಯಿಯವರು ಒಂದು ದಾರ ಮುಟ್ಟಿದರು. "ಇದು ಯಾತರದು?"

"ಸೋಮವಾರದ ಉಪಾಸದ್ರಿ. ತಲಿನೋವು ಹೋಗಲಿ ಅಂತ."

"ಇದು?"

"ಗುರುವಾರದ್ದು. ಅದಕ್ಕ ಹೋಗಲಿಲ್ಲಂತ ಇದು."

ಮಂಗಳವಾರ, ಶುಕ್ರವಾರ, ಶನಿವಾರಗಳಿಗೂ ಒಂದೊಂದು ದಾರವಿತ್ತು. ಮಿಕ್ಕ ದಿನಗಳಲ್ಲಿ ಬೆಳಗಿನಿಂದ ಒಲೆಯ ಮುಂದೆ, ಎಲ್ಲರ ಊಟವಾದ ಮೇಲೆ ಸಂಜೆಗೆ ಉಳಿದದ್ದನ್ನು ಉಣ್ಣುತ್ತಿದ್ದಳು.

"ಊರಿಗೆಲ್ಲ ರೊಟ್ಟಿ ಬಡೀತಿ," ಎಂದರು ತಾಯಿಯವರು. "ನೀ ಉಣ್ಣೋದು ಯಾವತ್ತವ್ವಾ?"

ನಾವು ಹೆಂಗಸರು ಹೀಗೇ. ದೇವರು ಕೇಳದ್ದನ್ನೂ ಕೊಡುತ್ತೇವೆ, ಹೊಟ್ಟೆ ಕೂಗಿ ಕೇಳಿದ್ದನ್ನು ಕೊಡುವುದಿಲ್ಲ.

ತಾಯಿಯವರು ಆ ದಾರಗಳನ್ನೆಲ್ಲ ಬಿಚ್ಚಿ ತಮ್ಮ ಕೈಗೆ ಕಟ್ಟಿಕೊಂಡರು. ದ್ಯಾಮವ್ವ ಗಾಬರಿಯಾದಳು. "ಹರಕಿ ಮುರದ್ರ ದೇವರು ಸಿಟ್ಟಾಗ್ತಾನ್ರಿ!"

"ಮುರದಿಲ್ಲ, ನಾ ಹೊತ್ಕೊಂಡೀನಿ. ಇನ್ನ ಉಪಾಸ ನಂದು. ಹೊತ್ತಿಗೆ ಉಣ್ಣೋದು, ನೀರು ಕುಡಿಯೋದು, ಕಣ್ತುಂಬ ನಿದ್ದಿ ಮಾಡೋದು ಇವಳ ವ್ರತ. ನಡಸೋದು ನಿನ್ನ ಕೆಲಸ. ನಾಳೆ ದವಾಖಾನಿಗೂ ತೋರಸು."

ಆ ಮಾತು ದ್ಯಾಮವ್ವನ ಎದೆಗೆ ನಾಟಿತು. ಮರುದಿನದಿಂದ ಹೊತ್ತೇರುವ ಮೊದಲೇ ತಾಟು ಹಿಡಿದು ಸೊಸೆಯ ಮುಂದೆ ನಿಲ್ಲುತ್ತಿದ್ದಳು. "ಉಣ್ಣ ಮೊದ್ಲ. ಅಲ್ಲಿ ಅವ್ವಾರು ಉಪಾಸ ಅದಾರ. ಆ ಪಾಪ ನನ್ನ ತಲಿಗೆ ಬ್ಯಾಡ." ಸೊಸೆ ಮಲಗಿದರೆ ಓಣಿಯವರಿಗೆಲ್ಲ ಸುಮ್ಮನಿರಿ ಎಂದು ಗದರುತ್ತಿದ್ದಳು.

ಎರಡು ತಿಂಗಳಿಗೆ ಮೂವರೂ ಮತ್ತೆ ಬಂದರು. ವೈದ್ಯರ ಗುಳಿಗೆಯೂ ನಡೆದಿತ್ತು. ನೋವು ಪೂರ್ತಿ ಬಿಟ್ಟಿರಲಿಲ್ಲ, ಆದರೆ ವಾರವಾರ ಬರುವುದು ನಿಂತಿತ್ತು. ಉಪವಾಸದಿಂದ ಸೊರಗಿದ್ದ ತಾಯಿಯವರ ಕೈ ಹಿಡಿದು ಫಕ್ಕೀರವ್ವ ಅತ್ತಳು. "ಸಾಕ್ರಿ ಅವ್ವಾರ. ನಾ ಉಣ್ಣಾಕ ಕಲ್ತೀನಿ. ನೀವೂ ಉಣ್ರಿ." ತಾಯಿಯವರು ಕೈ ಚಾಚಿದರು. ಅವಳೇ ದಾರಗಳನ್ನು ಬಿಚ್ಚಿ ಕೆರೆಗೆ ಬಿಟ್ಟಳು.

ಒಳಗೆ ಠಣ್ ಎಂದು ಸಪ್ಪಳವಾಯಿತು. ಚಿನ್ನವ್ವ ತಾಟಿಗೆ ಸೌಟು ಬಡಿದು, ಹೆತ್ತವಳು ಒಳಗೆ ಬಂದದ್ದು ಕಂಡು, ಸೌಟನ್ನು ಬೆನ್ನ ಹಿಂದೆ ಅಡಗಿಸಿ ನಿಂತಿದ್ದಳು. ಫಕ್ಕೀರವ್ವ ಮೆಲ್ಲನೆ ಮಗಳ ಎದುರು ಕುಳಿತಳು. ಇನ್ನೊಂದು ತಾಟು ತೆಗೆದುಕೊಂಡು ತಾನೂ ಠಣ್ ಎನಿಸಿದಳು. ಮಗು ನಕ್ಕು ಅವಳ ತೊಡೆ ಏರಿತು.

ಅಂದು ಮಂಗಳವಾರ, ಉಪವಾಸದ ವಾರ. ತಾಯಿಯವರು ಫಕ್ಕೀರವ್ವ ತಂದ ರೊಟ್ಟಿಯನ್ನು ಆ ತಾಟಿನಲ್ಲೇ ಹಾಕಿಸಿಕೊಂಡು ಉಂಡರು.