ಗಂಟು ಹಾಕಿದ ಪರವೂರಿನವಳು

"ಮೇಡಂ, ನೆನಪು ಕಳೆದುಕೊಂಡ ಇಲಿಗಳ ಮೆದುಳಿಗೆ ಕಾಂಡಕೋಶ ಕೊಟ್ಟೆವು. ಒಂದೂ ನರಕೋಶವಾಗಲಿಲ್ಲ, ಹದಿನೈದು ದಿನದಲ್ಲಿ ಆ ಕೋಶಗಳೆಲ್ಲ ಸತ್ತವು. ಮೆದುಳಿನ ಉರಿಯೂತ ಮಾತ್ರ ಇಳಿಯಿತು, ಇಲಿಗಳು ಮರೆತ ದಾರಿಯನ್ನು ಮತ್ತೆ ಹಿಡಿದವು. ಹಾಗಾದರೆ ನನ್ನ ಕೋಶಗಳು ಮಾಡಿದ್ದಾದರೂ ಏನು? ನಾಲ್ಕು ವರ್ಷದ ಈ ಕೆಲಸ ಬಿಟ್ಟುಬಿಡಲೇ?" ಎಂದು ಶಿಷ್ಯೆ ನೀಲಾಂಬಿಕೆ ಕೇಳಿದಳು.

ಗುರು ಗೋದಾವರಿಬಾಯಿ ಕನ್ನಡಕ ತೆಗೆದಿಟ್ಟರು. "ಬಿಡೂವಂತಿ, ಅವಸರ ಏನದ? ಮೊದಲ ಕತಿ ಕೇಳು" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮುದುಕಿ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆಯುವುದಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚಬೇಕು, ಗಂಟು ಹಾಕಬಾರದು. ನೂರಾರು ಚಿತ್ತಾರಗಳ ಎಣಿಕೆ ಅವಳ ತಲೆಯಲ್ಲಿತ್ತು.

ಒಮ್ಮೆ ಊರಿಗೆ ಕಳ್ಳ ನುಗ್ಗಿದ. ಕಾವಲುಗಾರರು ಅವನನ್ನು ಬಡಿದು ಅಟ್ಟಿದರು. ಅಲ್ಲಿಗೆ ಮುಗಿಯಬೇಕಿತ್ತು. ಈ ಮಹಾಶೂರರು ಕಹಳೆ ಊದುವುದನ್ನು ನಿಲ್ಲಿಸಲೇ ಇಲ್ಲ. ಕೈಗೆ ಸಿಕ್ಕ ಊರವರಿಗೂ ಹೊಡೆದರು. ಆ ಗದ್ದಲದಲ್ಲಿ ಮುದುಕಿಗೆ ಎಣಿಕೆ ತಪ್ಪಿತು. ಮೊಮ್ಮಗಳ ಮದುವೆಯ ಸೀರೆ ಅರ್ಧಕ್ಕೇ ನಿಂತಿತು. ಎಲ್ಲ ಮರೆತುಹೋಯಿತೆಂದು ಮುದುಕಿ ಅತ್ತಳು.

ಸೀರೆ ಮುಗಿಸಲು ಊರ ಗೌಡ ಪರವೂರಿನಿಂದ ಒಬ್ಬಳನ್ನು ಕರೆಸಿದ. ಪಾಪ, ಅವಳಿಗೆ ಗೊತ್ತಿದ್ದದ್ದು ರವಿಕೆ ಹೊಲಿಯುವುದಷ್ಟೇ. ಕೂತವಳೇ ದಾರದ ತುದಿಗೆ ಗಂಟು ಹಾಕಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವಳು ನಾಚಿ ಸೂಜಿ ಕೆಳಗಿಟ್ಟಳು. ಆದರೆ ಊರು ಬಿಟ್ಟು ಹೋಗಲಿಲ್ಲ. ಮಜ್ಜಿಗೆಯ ಗಡಿಗೆ ಹೊತ್ತು ಕಾವಲುಗಾರರ ಬಳಿಗೆ ಹೋದಳು.

"ಕಳ್ಳ ಹೋಗಿ ತಿಂಗಳಾತು. ಇನ್ನ ಯಾರನ್ನ ಹೊಡೀತೀರಪ್ಪಾ? ಕೂಡ್ರಿ, ಮಜ್ಜಿಗಿ ಕುಡೀರಿ" ಎಂದಳು.

ಒಬ್ಬೊಬ್ಬರಾಗಿ ಕುಳಿತರು. ಕಹಳೆ ನಿಂತಿತು. ಮೂರನೆಯ ದಿನ ಮುದುಕಿಯ ಬೆರಳು ತಾನಾಗಿಯೇ ಎಳೆ ಎಣಿಸಿತು. ಅವಳ ಎಣಿಕೆ ಎಲ್ಲಿಗೂ ಹೋಗಿರಲಿಲ್ಲ. ಅಷ್ಟರಲ್ಲಿ ಪರವೂರಿನವಳು ತನ್ನ ದಾರಿ ಹಿಡಿದಿದ್ದಳು. ಮೊಮ್ಮಗಳು ಆ ಸೀರೆಯುಟ್ಟು ಹಸೆಯ ಮೇಲೆ ಕೂತಾಗ ಮುದುಕಿ ತಲೆಯೆತ್ತಿ ಒಂದೊಂದು ಚಿತ್ತಾರದ ಹೆಸರನ್ನೂ ಎಲ್ಲರಿಗೂ ಕೇಳುವಂತೆ ಹೇಳಿದಳು. ಅವಳ ಹೆಮ್ಮೆಗೆ ಆ ಚಪ್ಪರ ಸಾಲಲಿಲ್ಲ.

ಕತೆ ಅಲ್ಲಿಗೆ ನಿಂತಿತು. ನೀಲಾಂಬಿಕೆ, "ಆ ಪರವೂರಿನವಳ ಹೆಸರೇನು, ಮೇಡಂ?" ಎಂದಳು.

"ಊರಿಗೆ ಎಲ್ಲಾ ನೆನಪಾತು, ಅಕಿ ಹೆಸರೊಂದು ಬಿಟ್ಟು. ನಿನ್ನ ಕೋಶಗಳೂ ಉರಿಯೂತಕ್ಕ ಮಜ್ಜಿಗಿ ಕುಡಿಸಿ ಹೋದವು. ನಾ ಅಕಿಯಾಗಿದ್ದರ ಎದಿ ಎತ್ತಿ ನಡೀತಿದ್ದೆ" ಎಂದರು ಗೋದಾವರಿಬಾಯಿ.