ಕಲಬುರಗಿ ಸೀಮೆಯ ಕುರ್ಚಿ

ಕುಡಿಯುವ ನೀರಿನ ಸಲಹಾ ಸಮಿತಿಯಲ್ಲಿ ಹನ್ನೆರಡು ಕುರ್ಚಿ. ಹನ್ನೊಂದರಲ್ಲಿ ಕೂತವರು ರಾಜಧಾನಿಯವರೇ, ನಾಚಿಕೆ ಬೇಡವೇ! ಹನ್ನೆರಡನೆಯದು ಕಲಬುರಗಿ ಸೀಮೆಗೆ ಮೀಸಲು. ಅದಕ್ಕೂ ಅಧ್ಯಕ್ಷರು ತಮ್ಮ ಅಳಿಯ ರೋಹಿತಾಶ್ವನ ಹೆಸರನ್ನೇ ಹೇಳಿದರು.

"ಅವರು ನಮ್ಮ ಕಡಿಯವರು ಅಲ್ರಿ, ಸಾಹೇಬ್ರ" ಎಂದ, ಆ ಸೀಮೆಯವನೇ ಆದ ಗುಮಾಸ್ತ.

"ಒಮ್ಮೆ ಅಲ್ಲಿ ಮದುವೆ ಊಟ ಮಾಡಿ ಬಂದಿದ್ದಾನೆ, ಸಾಕು. ಹೇಳಿದಷ್ಟು ಬರಿ!"

ಗುಮಾಸ್ತ ಬರೆದ. ಸದಸ್ಯರ ಹೆಸರು, ಫೋನ್ ನಂಬರನ್ನು ಅವರ ಸೀಮೆಯ ಪ್ರತಿ ಪಂಚಾಯಿತಿ ಗೋಡೆಗೆ ಅಂಟಿಸಬೇಕೆಂಬ ನಿಯಮವಿತ್ತು. ಯಾರೂ ಪಾಲಿಸುತ್ತಿರಲಿಲ್ಲ. ಇವನು ಪಾಲಿಸಿದ.

ಮೂರನೇ ದಿನ ಅಳಿಯ ಫೋನ್ ಹಿಡಿದುಕೊಂಡೇ ಕಚೇರಿಗೆ ಓಡಿಬಂದ. ಅದರಲ್ಲಿ ಅಜ್ಜಿಯೊಬ್ಬಳು ಕೂಗುತ್ತಿದ್ದಳು: "ಯಪ್ಪಾ, ನಮ್ಮೂರ ಬೋರ್ ಕೆಟ್ಟು ತಿಂಗಳಾತು. ನೀನ ನಮ್ಮವ ಅಂತ ಗ್ವಾಡಿಗೆ ಹಚ್ಯಾರ. ಯಾವಾಗ ಬರ್ತಿ?"

"ಬೆಳಿಗ್ಗೆಯಿಂದ ಇನ್ನೂರು ಕರೆ, ಮಾವ! ನನಗೆ ಈ ಕುರ್ಚಿಯೇ ಬೇಡ."

ಅಧ್ಯಕ್ಷರು ಗುಮಾಸ್ತನ ಮೇಲೆ ಹರಿಹಾಯ್ದರು: "ಆ ಜನಕ್ಕೆ ನಂಬರ್ ಯಾಕಯ್ಯಾ ಕೊಟ್ಟೆ?"

"ನಮ್ಮ ಕುರ್ಚಿ ಬೇಕಂದ್ರಿ, ಸಾಹೇಬ್ರ. ಕುರ್ಚಿ ಬೇಕು, ಮಂದಿ ಬ್ಯಾಡ ಅಂದ್ರ ಹ್ಯಾಂಗ್ರಿ?"